ಜೊತೆ ಕೇಳುವವರು

ನಮ್ಮ ಊರಿನಲ್ಲಿ ಗುರುವಾರ ಬೆಳಿಗ್ಗೆ ಹಲಗೆ ನೋಡಿಕೊಂಡು ಬರುವವರೆಗೆ ಯಾರ ಮನೆಯಲ್ಲೂ ಹಾಲು ಒಲೆಗೆ ಏರುವುದಿಲ್ಲ. ಹಿಟ್ಟಿನ ಗಿರಣಿಯ ಪಕ್ಕದ ಗೋಡೆಯಲ್ಲಿ ಒಂದು ಕಿಂಡಿಯಿದೆ. ಹಣೆಯನ್ನು ಗೋಡೆಗೆ ಒತ್ತಿ, ಬಾಯನ್ನು ಕಿಂಡಿಗೆ ಹತ್ತಿರ ತಂದು ಏನಾದರೂ ಕೇಳಿದರೆ ಅದು ಉತ್ತರ ಹೇಳುತ್ತದೆ. ಕೇಳಿದವರಿಗಷ್ಟೇ ಕೇಳಿಸುವಷ್ಟು ಮೆಲ್ಲಗೆ, ಒಂದೇ ವಾಕ್ಯದಲ್ಲಿ. ಅದೇ ಗೋಡೆಯ ಆಚೆ ಬದಿಯಲ್ಲಿ, ಬಸ್ ನಿಲ್ದಾಣಕ್ಕೆ ಮುಖ ಮಾಡಿಕೊಂಡು, ಹಲಗೆಯಿದೆ. ವಾರವಿಡೀ ಯಾವ ಯಾವ ಪ್ರಶ್ನೆ ಬಂತು, ಎಷ್ಟು ಜನ ಕೇಳಿದರು ಎನ್ನುವುದು ಗುರುವಾರ ಬೆಳಗಾಗುವಷ್ಟರಲ್ಲಿ ಅದರ ಮೇಲೆ ಮೂಡಿರುತ್ತದೆ. ಹೆಸರು ಇರುವುದಿಲ್ಲ. ಎಣಿಕೆ ಮಾತ್ರ.

ಊರು ನಡೆಯುವುದೇ ಆ ಹಲಗೆಯಿಂದ. ತಿಗಣೆ ಓಡಿಸುವುದು ಹೇಗೆ ಎಂದು ಒಂದಷ್ಟು ಜನ ಕೇಳಿದ್ದರೆ ಶುಕ್ರವಾರ ಅಂಗಡಿಗೆ ತಿಗಣೆ ಔಷಧಿ ಬಂದಿರುತ್ತದೆ. ತುರಿಕೆಯ ಪ್ರಶ್ನೆ ಮೇಲೇರಿದರೆ ಡಾಕ್ಟರು ಶನಿವಾರವೂ ಬಾಗಿಲು ತೆರೆಯುತ್ತಾರೆ. ಪರೀಕ್ಷೆ ಹತ್ತಿರ ಬಂದಾಗ ಮಕ್ಕಳು ಯಾವ ಪಾಠದಲ್ಲಿ ಎಡವುತ್ತಿದ್ದಾರೆಂದು ಮೇಷ್ಟರು ಹಲಗೆ ನೋಡಿಯೇ ತಿಳಿದುಕೊಳ್ಳುವುದು. ಇನ್ನೊಬ್ಬರ ವಿಷಯ ಕೇಳಿದರೆ ಮಾತ್ರ ಕಿಂಡಿ ಬಾಯಿ ಬಿಡುವುದಿಲ್ಲ. ಗಿರಣಿಯ ಗಡಗಡ ಸದ್ದಷ್ಟೇ ಕಿವಿಗೆ ಬೀಳುತ್ತದೆ. ಆದರೂ ಪ್ರಶ್ನೆ ಹಲಗೆಯ ಮೇಲೆ ಬಂದೇ ಬರುತ್ತದೆ. ‘ನನ್ನ ಸೊಸೆ ನನ್ನ ಬೆನ್ನ ಹಿಂದೆ ಏನನ್ನುತ್ತಾಳೆ’ ಎನ್ನುವುದು ಯಾವ ವಾರವೂ ತೊಂಬತ್ತಕ್ಕಿಂತ ಕೆಳಗೆ ಇಳಿದದ್ದಿಲ್ಲ. ಅತ್ತೆಯರು ಅದನ್ನು ಓದಿ ನಕ್ಕು ಮನೆಗೆ ಹೋಗುತ್ತಾರೆ, ಸೊಸೆಯರೂ ಓದಿ ನಕ್ಕು ಮನೆಗೆ ಹೋಗುತ್ತಾರೆ. ತೊಂಬತ್ತರಲ್ಲಿ ಯಾರನ್ನೆಂದು ಹಿಡಿಯುವುದು?

ತೊಂದರೆ ಇರುವುದು ಒಂದರಲ್ಲಿ. ಎಣಿಕೆಯಲ್ಲಿ ಒಂದೇ ಇರುವ ಪ್ರಶ್ನೆಗೆ ನಾವು ಒಂಟಿ ಎನ್ನುತ್ತೇವೆ. ಒಂಟಿ ಬಂದ ದಿನ ಕೆಂಪರಾಜುವಿನ ಟೀ ಅಂಗಡಿಯಲ್ಲಿ ಬೆಂಚು ಖಾಲಿಯಾಗುವುದಿಲ್ಲ. ಹಿಂದೊಮ್ಮೆ ‘ಏಟು ಬಿದ್ದ ಕಿವಿ ಮತ್ತೆ ಕೇಳಿಸುತ್ತದೆಯೇ’ ಎನ್ನುವ ಒಂಟಿ ಬಂದಿತ್ತು. ಕಿವಿಗೆ ಹತ್ತಿ ಇಟ್ಟುಕೊಂಡಿದ್ದವಳು ಊರಿನಲ್ಲಿ ಒಬ್ಬಳೇ. ಸಾಯಂಕಾಲದೊಳಗೆ ಮಾತು ಅವಳ ಗಂಡನಿಗೆ ಮುಟ್ಟಿತು. ಇನ್ನೊಂದು ಕಿವಿಯೂ ಹೋಯಿತು. ಜೊತೆ ಕೇಳುವ ಪದ್ಧತಿ ಶುರುವಾದದ್ದು ಆಮೇಲೆ.

ಅದನ್ನು ಶುರು ಮಾಡಿದವರು ನಮ್ಮ ಬೀದಿಯ ಜಯಶೀಲಕ್ಕ. ಒಂಟಿ ಕಂಡ ಕೂಡಲೇ ಅವರು ಮನೆಮನೆಯ ಬಾಗಿಲು ತಟ್ಟುವರು. “ಪಾಪ, ಯಾವುದೋ ಒಂಟಿ ನಿಂತಿದೆ, ಜೊತೆ ಕೇಳೋಣ ಬನ್ರೇ.” ಹೆಂಗಸರು ಗಂಡಸರು ಎಲ್ಲ ಸಾಲಾಗಿ ಹೋಗಿ ಅದೇ ಪ್ರಶ್ನೆಯನ್ನು ಕಿಂಡಿಯಲ್ಲಿ ಕೇಳಿ ಬರುತ್ತೇವೆ. ಮುಂದಿನ ಗುರುವಾರದ ಹಲಗೆಯಲ್ಲಿ ಒಂದು ಇದ್ದದ್ದು ಇನ್ನೂರಾಗಿರುತ್ತದೆ. ಮೊದಲು ಕೇಳಿದವರು ಗುಂಪಿನಲ್ಲಿ ಕರಗಿಹೋಗುತ್ತಾರೆ. ನಿನ್ನನ್ನು ಕಿಂಡಿಯ ಹತ್ತಿರ ಕಂಡೆ ಎಂದು ಯಾರಾದರೂ ಅಂದರೂ, ಜೊತೆಗೆ ಹೋಗಿದ್ದೆ ಅಂದರೆ ಮುಗಿಯಿತು. ಜೊತೆ ಕೇಳುವವರು ಪ್ರಶ್ನೆ ಕೇಳಿದ ಮರುಕ್ಷಣ ಎರಡೂ ಕಿವಿ ಮುಚ್ಚಿಕೊಳ್ಳಬೇಕು, ಯಾಕೆಂದರೆ ಪ್ರಶ್ನೆ ನಮ್ಮದಲ್ಲ, ಉತ್ತರವೂ ನಮ್ಮದಲ್ಲ. ಇನ್ನು, ನೀನು ಏನು ಕೇಳಿದೆ ಎಂದು ಯಾರನ್ನೂ, ಹೆತ್ತ ಮಕ್ಕಳನ್ನೂ, ಕೇಳಬಾರದು. ಯಾರ ಒಂಟಿ ಅದು ಎಂದು ಊಹಿಸಬಾರದು. ಇದನ್ನೆಲ್ಲ ನಮಗೆ ಹೇಳಿಕೊಟ್ಟವರೂ ಜಯಶೀಲಕ್ಕನೇ. ಊಹಿಸುತ್ತ ಕೂತಿದ್ದ ಕೆಂಪರಾಜುವಿಗೆ ಒಂದು ದಿನ ಅವನದೇ ಟೀ ಲೋಟ ತೋರಿಸಿ, “ಇದರಲ್ಲಿ ಎಷ್ಟು ನೀರಿದೆ ಅಂತ ನಾವು ಯಾವತ್ತಾದ್ರೂ ಊಹೆ ಮಾಡಿದ್ವಾ?” ಎಂದು ಕೇಳಿ ಬಂದಿದ್ದರು.

ಈ ಸಲದ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಗುರುವಾರ ನಾನು ಹಲಗೆಯ ಮುಂದೆ ನಿಂತಿದ್ದೆ. ಮೆಸ್ಸಿನಲ್ಲಿ ಚಪಾತಿ ಲಟ್ಟಿಸುವ ಕೆಲಸ ನನ್ನದು. ಮೊದಲ ಕಣಕ ಕಲಸಿಟ್ಟು ಓಡಿಬಂದಿದ್ದೆ. ತಿಗಣೆ, ತುರಿಕೆ, ಸೊಸೆ ಎಲ್ಲ ದಾಟಿ ಕಣ್ಣು ಕೊನೆಯ ಸಾಲಿಗೆ ಬಂತು.

‘ನಾನು ಇಲ್ಲದಿದ್ದರೆ ನಮ್ಮ ಮನೆಯಲ್ಲಿ ಏನು ಬದಲಾಗುತ್ತದೆ?’ ಒಂದು.

ಹತ್ತಿರ ಹೋಗಿ ಇನ್ನೊಮ್ಮೆ ಓದಿದೆ. ನನ್ನ ಮಗಳು ಹಂಸ ಹತ್ತನೇ ತರಗತಿಯಲ್ಲಿ ಇದ್ದಾಳೆ. ಒಂದು ತಿಂಗಳಿಂದ ಅವಳು ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಮಾತನಾಡುವಾಗ ಕೈಯನ್ನು ಬಾಯಿಗೆ ಅಡ್ಡ ಇಟ್ಟುಕೊಂಡು ಗೋಡೆ ನೋಡುವಳು. ಮುಂದಿನ ತಿಂಗಳು ಅವಳ ಚಿಕ್ಕಮ್ಮನ ಮನೆಯ ಗೃಹಪ್ರವೇಶಕ್ಕೆ ಹೋಗೋಣ ಎಂದರೆ, “ನನ್ನನ್ನ ಲೆಕ್ಕಕ್ಕೇ ಇಟ್ಕೋಬೇಡಿ, ನಾನು ಇಲ್ಲ ಅಂತಲೇ ಅಂದ್ಕೊಳ್ಳಿ” ಎಂದಿದ್ದಳು. ಅದಾದ ಎರಡು ದಿನಕ್ಕೆ ಸ್ಕೂಲಿಂದ ಬಂದವಳ ಹಣೆಯ ಕೂದಲಲ್ಲಿ ಬಿಳೀ ಹಿಟ್ಟು ಕಂಡಿತು. ಗಿರಣಿಯ ಹಿಟ್ಟು ಆ ಗೋಡೆಯ ಮೇಲೆ ಸದಾ ಕೂತಿರುತ್ತದೆ. ಕಿಂಡಿಗೆ ಹೋದವರು ಕರವಸ್ತ್ರದಲ್ಲಿ ಹಣೆ ಒರೆಸಿಕೊಂಡು ಬರುತ್ತಾರೆ, ಮಕ್ಕಳು ಮರೆಯುತ್ತಾರೆ. ನಾನು ಕಂಡೂ ಕಾಣದವಳಂತೆ ಪಾತ್ರೆ ತೊಳೆದೆ. ಕೇಳಬಾರದಲ್ಲ.

ಕೆಂಪರಾಜುವಿನ ಬೆಂಚಿನಲ್ಲಿ ಆಗಲೇ ಶುರುವಾಗಿತ್ತು. “ಇದು ಯಾರೋ ಸೊಸೆದು.” “ಅಲ್ಲ ಕಣಯ್ಯ, ಸೊಸೆ ಕೇಳೋಳಾದ್ರೆ ಅತ್ತೆ ಇಲ್ದಿದ್ರೆ ಏನಾಗುತ್ತೆ ಅಂತ ಕೇಳ್ತಾಳೆ.” “ವಯಸ್ಸಿಗೆ ಬಂದ ಹುಡುಗೀದು. ಬರೆದಿಟ್ಕೊ.” ಈ ಮಾತು ಬಿದ್ದ ಮೇಲೆ ನನ್ನ ಕಾಲು ನಿಲ್ಲಲಿಲ್ಲ. ಸಾಯಂಕಾಲದೊಳಗೆ ಯಾರೋ ಒಬ್ಬರು ನನ್ನ ಮಗಳ ಹೆಸರು ಹೇಳುತ್ತಾರೆ, ಶಾಲೆಯಲ್ಲಿ ಮಕ್ಕಳು ಬೆರಳು ಮಾಡುತ್ತಾರೆ, ಆಮೇಲೆ ಅವಳು ನಿಜವಾಗಿಯೂ ಎಲ್ಲಿಗಾದರೂ ಹೊರಟುಬಿಡುತ್ತಾಳೆ. ಅದನ್ನು ತಡೆಯುವುದಕ್ಕೆ ನನಗೆ ಗೊತ್ತಿದ್ದ ದಾರಿ ಒಂದೇ.

ಜಯಶೀಲಕ್ಕ ಅವರ ಮನೆಯ ಜಗುಲಿಯಲ್ಲಿ ಕೂತು ಯಾರದೋ ಸೀರೆಗೆ ಫಾಲ್ಸ್ ಹೊಲಿಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಅವರು ಇರುವುದು ಮೈದುನ ಬೋರಲಿಂಗನ ಸಂಸಾರದ ಜೊತೆ. ನನ್ನನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಮಾಡಿದರು.

“ಬಾ ಮಂದಾ. ಕೈಯಲ್ಲಿ ಕಣಕ ಹಂಗೇ ಇದೆ. ಮೆಸ್ಸಿನವರು ಇವತ್ತು ಹಸೀ ಹಿಟ್ಟು ತಿನ್ಬೇಕಾ?”

“ಅಕ್ಕ, ಹಲಗೆ ನೋಡಿದ್ರಾ?”

“ನೋಡ್ದೆ.”

“ಆ ಒಂಟಿ, ಕೊನೇದು.”

ಸೂಜಿ ನಿಂತಿತು. “ಹೂಂ. ಯಾರದು ಅನ್ಸುತ್ತೆ ನಿಂಗೆ?”

ನಾನು ಬೆಚ್ಚಿದೆ. ಈ ಮಾತು ಅವರ ಬಾಯಲ್ಲಿ ಬಂದದ್ದು ನಾನು ಕೇಳಿರಲಿಲ್ಲ. ನನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ, ಹಂಸಳ ಹೆಸರು ನನ್ನಿಂದಲೇ ಹೊರಡಿಸುತ್ತಿದ್ದಾರೆ ಎನಿಸಿತು. “ಹಂಗೆಲ್ಲ ಊಹೆ ಮಾಡ್ಬಾರ್ದು ಅಂತ ನೀವೇ ಹೇಳ್ಕೊಟ್ಟಿದ್ದಲ್ವಾ ಅಕ್ಕ.”

“ಹೇಳ್ಕೊಟ್ಟಿದ್ದೆ. ಆದ್ರೂ ಸುಮ್ನೆ. ಚಿಕ್ಕೋರು ಅನ್ಸುತ್ತಾ, ದೊಡ್ಡೋರು ಅನ್ಸುತ್ತಾ?”

“ಯಾರಾದ್ರೇನಕ್ಕ. ಈ ವಾರದಲ್ಲೇ ಜೊತೆ ಆಗ್ಬೇಕು. ಒಬ್ರು ಇಬ್ರಲ್ಲ, ಇಡೀ ಊರೇ ಕೇಳ್ಬೇಕು. ಯಾರು ಅಂತ ಯಾರಿಗೂ ಗೊತ್ತಾಗದ ಹಂಗೆ ಮುಚ್ಚಿಹೋಗ್ಬೇಕು.”

ಅವರು ನನ್ನ ಮುಖವನ್ನೇ ನೋಡಿದರು. ಏನೋ ಹೇಳುತ್ತಾರೆ ಎಂದುಕೊಂಡೆ. ಒಳಗಿನಿಂದ ಅವರ ಓರಗಿತ್ತಿ ಕುಮುದ, “ಅಕ್ಕಾ, ಬಚ್ಚಲು ಖಾಲಿ ಇದೆಯಾ?” ಎಂದು ಕೂಗಿದಳು. “ಖಾಲಿ ಇದೆಯಮ್ಮ, ಹೋಗು” ಎಂದರು. ಆಮೇಲೆ ದಾರವನ್ನು ಹಲ್ಲಿನಲ್ಲಿ ಕಡಿದು ಸೀರೆ ಮಡಿಸಿದರು.

“ಆಯ್ತು. ನೀನು ಆ ಸಾಲಿನ ಮನೆಗಳಿಗೆ ಹೇಳು, ನಾನು ಈ ಸಾಲಿಗೆ ಹೇಳ್ತೀನಿ.”

ಜೊತೆಗೆ ಅಷ್ಟು ಜನ ಸೇರಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ. ಸಾಲು ಗಿರಣಿ ದಾಟಿ, ಸೈಕಲ್ ಅಂಗಡಿ ದಾಟಿ, ಹೂವಿನವರ ತನಕ ಹೋಗಿತ್ತು. ಕೆಂಪರಾಜು ಅಲ್ಲೇ ಓಡಾಡಿಕೊಂಡು ಟೀ ಮಾರಿದ. ನನ್ನ ಗಂಡ ಸಿದ್ದರಾಜು ಶಾಲಾ ವ್ಯಾನನ್ನು ಪಕ್ಕಕ್ಕೆ ನಿಲ್ಲಿಸಿ ಸಾಲು ಸೇರಿಕೊಂಡ. ಎಲ್ಲರ ಮುಖದಲ್ಲೂ ಒಂದು ಒಳ್ಳೆಯ ಕೆಲಸ ಮಾಡುತ್ತಿರುವವರ ಕಳೆ. ನನ್ನ ಸರದಿ ಬಂತು. ಹಣೆ ಒತ್ತಿ ಕೇಳಿದೆ. ಕೈಗಳು ರೂಢಿಯಂತೆ ಕಿವಿಯವರೆಗೆ ಹೋದವು. ನನ್ನ ಮಗಳಿಗೆ ಇದು ಏನು ಹೇಳಿರಬಹುದು ಎನ್ನುವ ಆಸೆಗೆ ಕೈಗಳನ್ನು ಅಲ್ಲೇ ತಡೆದೆ.

ಕಿಂಡಿ ನನ್ನ ಮಗಳ ಉತ್ತರವನ್ನು ನನಗೇಕೆ ಹೇಳೀತು? ನನ್ನ ಉತ್ತರವನ್ನು ಹೇಳಿತು. “ಬೆಳಗಿನ ಕುಕ್ಕರ್ ತಡವಾಗಿ ಕೂಗುತ್ತದೆ.”

ಇನ್ನೂ ಏನಾದರೂ ಇರಬಹುದು ಎಂದು ಕಾದೆ. ಹಿಂದಿನವರು ಕೆಮ್ಮಿದರು. ಪಕ್ಕಕ್ಕೆ ಬಂದು ಹಣೆ ಒರೆಸಿಕೊಂಡೆ. ಹದಿನೇಳು ವರ್ಷದ ಸಂಸಾರ, ಮೂವರ ಬಟ್ಟೆ, ಬಾಣಂತನ, ಮೆಸ್ಸು, ಅತ್ತೆಯನ್ನು ಹಾಸಿಗೆಯಲ್ಲಿ ನೋಡಿಕೊಂಡ ಕಾಲ. ಕುಕ್ಕರ್ ತಡವಾಗಿ ಕೂಗುತ್ತದೆ. ಸುಳ್ಳಾಗಿದ್ದರೆ ಕೋಪ ಬರುತ್ತಿತ್ತು. ಕಿಂಡಿ ಸುಳ್ಳು ಹೇಳುವುದಿಲ್ಲ.

ಸ್ವಲ್ಪ ಹೊತ್ತು ಅಲ್ಲೇ ಕಟ್ಟೆಯ ಮೇಲೆ ಕೂತೆ. ಆಗ ಕಂಡದ್ದು, ಕಿವಿ ಮುಚ್ಚಿಕೊಳ್ಳದೆ ಇದ್ದವಳು ನಾನೊಬ್ಬಳೇ ಅಲ್ಲ. ಬೇರೆಯವರ ತಿಗಣೆ, ಬೇರೆಯವರ ರೋಗದ ಪ್ರಶ್ನೆಯಾದರೆ ಕಿವಿ ತಾನಾಗಿ ಮುಚ್ಚುತ್ತದೆ. ಇದಕ್ಕೆ ಯಾರ ಕೈಯೂ ಮೇಲೇಳಲಿಲ್ಲ. ಒಬ್ಬೊಬ್ಬರೇ ಬಾಗಿದರು, ಕೇಳಿಸಿಕೊಂಡರು, ಇನ್ನೇನೋ ಇರಬಹುದೆಂದು ನನ್ನ ಹಾಗೆಯೇ ಕಾದರು, ಬೇರೆ ಮುಖ ಹೊತ್ತು ಈಚೆ ಬಂದರು. ಹೂವಿನವಳು ಬುಟ್ಟಿಯನ್ನು ಬಿಟ್ಟು ಮನೆಗೆ ಹೊರಟಿದ್ದಳು, ಯಾರೋ ಕೂಗಿ ಕೊಟ್ಟರು. ಕೊನೆಯಲ್ಲಿ ಜಯಶೀಲಕ್ಕನ ಸರದಿ. ಅವರೊಬ್ಬರು ಮಾತ್ರ ಕೇಳಿದ ಕೂಡಲೇ ಎರಡೂ ಕಿವಿಯನ್ನು ಗಟ್ಟಿಯಾಗಿ ಮುಚ್ಚಿಕೊಂಡರು. ಮರ್ಯಾದೆ ಅಂದರೆ ಇವರದು ಎಂದುಕೊಂಡೆ.

“ಎಲ್ರೂ ಬಂದಿದ್ರಲ್ಲ ಅಕ್ಕ” ಎಂದೆ.

“ಹೂಂ ಕಣೆ, ಎಲ್ರೂ ಬಂದ್ರು” ಎಂದರು. ನನ್ನ ಹಣೆಯಲ್ಲಿ ಉಳಿದಿದ್ದ ಹಿಟ್ಟನ್ನು ಸೆರಗಿನಿಂದ ಒರೆಸಿದರು. “ನೀನು ಸರಿಯಾಗಿ ನಿದ್ದೆ ಮಾಡು, ಕಣ್ಣು ಒಳಗೆ ಹೋಗಿದೆ.”

ಮುಂದಿನ ಗುರುವಾರ ಹಲಗೆಯಲ್ಲಿ ಆ ಪ್ರಶ್ನೆ ಎಲ್ಲಕ್ಕಿಂತ ಮೇಲಿತ್ತು. ನಾನೂರ ಹನ್ನೆರಡು. ನನಗೆ ಗೆದ್ದ ಹಾಗಾಯಿತು. ಹಂಸ ಇನ್ನು ನಾನೂರ ಹನ್ನೆರಡರಲ್ಲಿ ಒಬ್ಬಳು. ಯಾರ ಬೆರಳೂ ಅವಳತ್ತ ಬರುವುದಿಲ್ಲ. ಜಯಶೀಲಕ್ಕನೂ ಬಂದು ಹಲಗೆ ನೋಡಿದರು. ನಾನು ನಕ್ಕೆ. ಅವರು ತಲೆಯಾಡಿಸಿ ಹೋದರು.

ಆದರೆ ಊರಿನ ಗಾಳಿ ಕೆಟ್ಟಿತ್ತು. ಜೊತೆ ಮುಗಿದ ಮೇಲೂ ಜನ ಕಿಂಡಿಗೆ ಹೋಗುತ್ತಲೇ ಇದ್ದರು. ಈಗ ಯಾರೂ ಯಾರಿಗೂ ಜೊತೆಯಾಗಿ ಹೋಗುತ್ತಿರಲಿಲ್ಲ. ಒಬ್ಬೊಬ್ಬರೇ ಮಧ್ಯಾಹ್ನದ ಬಿಸಿಲಲ್ಲಿ, ತಲೆ ಮೇಲೆ ಟವಲು ಹಾಕಿಕೊಂಡು, ಈ ಸಲ ಬೇರೆ ಏನಾದರೂ ಹೇಳುತ್ತದೇನೋ ಎಂದು ಮತ್ತೆ ಕೇಳಿ ಬರುತ್ತಿದ್ದರು. ಉತ್ತರ ಬದಲಾಗುತ್ತಿರಲಿಲ್ಲ. ಕೆಂಪರಾಜು ಒಬ್ಬನೇ ಬಾಯಿಬಿಟ್ಟು ಹೇಳಿಕೊಂಡ. “ನಾನಿಲ್ದಿದ್ರೆ ನಮ್ಮನೇಲಿ ಟಿವಿ ಸೌಂಡು ಕಮ್ಮಿ ಇರುತ್ತಂತೆ. ಹೆಂಡ್ತಿ ಹೆಂಗೂ ಅದನ್ನೇ ಹೇಳ್ತಿದ್ಲು, ಕಿಂಡಿಗ್ಯಾಕೆ ಹೋಗ್ಬೇಕಿತ್ತು?” ಬೆಂಚಿನಲ್ಲಿ ಯಾರೂ ನಗಲಿಲ್ಲ. ಅವನು ಟೀಗೆ ಸಕ್ಕರೆ ಹಾಕುವುದನ್ನು ಮರೆಯತೊಡಗಿದ. ಕುಡಿಯುವವರೂ ಕೇಳುತ್ತಿರಲಿಲ್ಲ. ನನ್ನ ಗಂಡ ಊಟದ ಡಬ್ಬಿಯನ್ನು ತಾನೇ ತೊಳೆದು, ತೊಳೆದದ್ದನ್ನು ಕೈಯಲ್ಲಿ ಹಿಡಿದು ನೋಡುತ್ತ ನಿಲ್ಲುವನು. ಅವನಿಗೆ ಏನು ಹೇಳಿತೋ. ನಾನು ಕೇಳಲಿಲ್ಲ. ಅವನೂ ನನ್ನನ್ನು ಕೇಳಲಿಲ್ಲ. ಬೆಳಿಗ್ಗೆ ಕುಕ್ಕರ್ ಕೂಗಿದಾಗ ಇಬ್ಬರೂ ಮಾತು ನಿಲ್ಲಿಸಿ ಅದು ಮುಗಿಯಲಿ ಎಂದು ಕಾಯುತ್ತಿದ್ದೆವು.

ಭಾನುವಾರ ನಾನು ಮೆಸ್ಸಿನಿಂದ ಬಂದಾಗ ಹಂಸ ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದಳು. ಎರಡು ಚೂಡಿದಾರ, ಟವಲು, ಚಾರ್ಜರು.

“ಎಲ್ಲಿಗೆ?”

“ಚಿಕ್ಕಮ್ಮನ ಮನೆಗೆ. ಗೃಹಪ್ರವೇಶಕ್ಕೆ ನಾನೂ ಬರ್ತೀನಿ. ನೀನೇ ತಾನೆ ಬಾ ಬಾ ಅಂತಿದ್ದೆ.”

ಬಾಗಿಲು ಹಾಕಿ ಅವಳ ಎರಡೂ ತೋಳು ಹಿಡಿದುಕೊಂಡೆ. ಊರಿನ ಮರ್ಯಾದೆಯೆಲ್ಲ ಒಂದು ಕ್ಷಣದಲ್ಲಿ ಬಿತ್ತು. “ಅವತ್ತು ಕಿಂಡಿಗೆ ಹೋಗಿದ್ದೆಯಲ್ಲ, ಏನು ಕೇಳಿದೆ? ನನಗೆ ಹೇಳು.”

ಬೀದಿಯಲ್ಲಿ ಸೀರೆ ಬಿಚ್ಚಿ ನಿಂತವಳನ್ನು ನೋಡುವ ಹಾಗೆ ಅವಳು ನನ್ನನ್ನು ನೋಡಿದಳು. “ಅಮ್ಮ, ಇದನ್ನ ಯಾರಾದ್ರೂ ಕೇಳ್ತಾರಾ?”

“ನಾನು ಕೇಳ್ತೀನಿ. ಹೇಳು.”

“ಮೀಸೆ.”

“ಏನು?”

“ಮೇಲ್ದುಟಿ ಮೇಲೆ ಕೂದಲು ಬಂದಿತ್ತಲ್ಲ. ಕ್ಲಾಸಲ್ಲಿ ಹುಡುಗ್ರು ಇನ್‌ಸ್ಪೆಕ್ಟರ್ ಅಂತ ಕರೀತಿದ್ರು. ಅದು ಹೋಗೋಕೆ ಏನ್ ಮಾಡ್ಬೇಕು ಅಂತ ಕೇಳ್ದೆ.” ಅವಳ ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು. “ಗುರುವಾರ ನೋಡಿದ್ರೆ ಅರವತ್ತ್ ಮೂರು ಜನ ಕೇಳಿದ್ರು ಅಮ್ಮ. ಅರವತ್ತ್ ಮೂರು. ನಮ್ಮ ಕ್ಲಾಸಿನ ಆ ಬೆಳ್ಳಗಿರೋಳೂ ಕೇಳಿರ್ತಾಳೆ. ಅದಾದ್ಮೇಲೆ ನಂಗೆ ಏನೂ ಅನ್ನಿಸ್ತಿಲ್ಲ.”

ಅವಳನ್ನು ತಬ್ಬಿಕೊಂಡೆ. ಎಷ್ಟೋ ದಿನದ ಮೇಲೆ ಉಸಿರು ಪೂರ್ತಿ ಒಳಗೆ ಹೋಯಿತು. ಹಾಗೆ ತಬ್ಬಿಕೊಂಡಿರುವಾಗಲೇ ತಲೆಯೊಳಗೆ ಇನ್ನೊಂದು ಪ್ರಶ್ನೆ ಎದ್ದು ಕೂತಿತು. ಹಾಗಾದರೆ ಆ ಒಂಟಿ ಯಾರದು?

ಹಂಸಳೇ ಅಂದಳು. “ಅವತ್ತು ಜಯಶೀಲತ್ತೆ ನಮ್ಮ ಬಾಗ್ಲು ತಟ್ಲೇ ಇಲ್ಲ. ನೀನೇ ಬಂದು ಎಬ್ಬಿಸಿ, ಜೊತೆಗೆ ಬಾ ಅಂದೆ. ಅವರಿಗೆ ಹುಷಾರಿರಲಿಲ್ವಾ?”

ಒಂಟಿ ಬಂದ ಯಾವ ಗುರುವಾರವೂ ಜಯಶೀಲಕ್ಕ ಜಗುಲಿಯಲ್ಲಿ ಕೂತವರಲ್ಲ. ನಾವು ಎದ್ದು ಮುಖ ತೊಳೆಯುವುದರೊಳಗೆ ಅವರು ಬೀದಿಯ ಆ ತುದಿಯಲ್ಲಿ ಇರುತ್ತಿದ್ದರು. ಆ ಗುರುವಾರ ಮಾತ್ರ ಹಲಗೆ ನೋಡಿ ಬಂದು, ಬೀದಿಗೆ ಮುಖ ಮಾಡಿ, ಫಾಲ್ಸ್ ಹೊಲಿಯುತ್ತ ಕೂತಿದ್ದರು. ಕೂತಿದ್ದಲ್ಲ, ಕಾಯುತ್ತಿದ್ದರು. ಗುಂಪಿನಲ್ಲಿ ಮುಚ್ಚಿಕೊಳ್ಳುವುದು ಹೇಗೆಂದು ಊರಿಗೇ ಕಲಿಸಿದವರು ತಮ್ಮ ಪ್ರಶ್ನೆಯನ್ನು ಒಂಟಿಯಾಗಿ ಬಿಟ್ಟಿದ್ದರು. ಯಾರಾದರೂ ಊಹಿಸಲಿ ಎಂದು. ಒಬ್ಬರಾದರೂ ಮರ್ಯಾದೆ ಬಿಟ್ಟು, ಅಕ್ಕ ಇದು ನಿಮ್ಮದಾ, ಎಂದು ಕೇಳಲಿ ಎಂದು. ನಾನು ಹೋದೆ. ಯಾರದು ಅನ್ಸುತ್ತೆ ನಿಂಗೆ ಎಂದು ಅವರೇ ಎರಡು ಸಲ ಕೇಳಿದರು. ಯಾರಾದ್ರೇನಕ್ಕ ಎಂದೆ. ಆಮೇಲೆ ನಾನೂರು ಜನರನ್ನು ತಂದು ಅವರ ಮೇಲೆ ಹಾಕಿದೆ.

ಚಪ್ಪಲಿ ಮೆಟ್ಟದೆ ಓಡಿದೆ. ಕುಮುದ ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ಜಯಶೀಲಕ್ಕ ಎಲ್ಲಿ ಎಂದೆ.

“ಶುಕ್ರವಾರ ಹೋದ್ರಲ್ಲ. ಯಾರಿಗೋ ಸೀರೆ ಕೊಟ್ಟು ಬರ್ತೀನಿ ಅಂತ.”

“ಇವತ್ತು ಭಾನುವಾರ ಕುಮುದಾ.”

“ಹೌದಲ್ವಾ.” ಅವಳು ಕ್ಲಿಪ್ಪು ಹಿಡಿದು ನಿಂತಳು. “ನಾನು ಅವರ ಅಣ್ಣನ ಮನೇಗೆ ಹೋಗಿರ್ಬೇಕು ಅಂದ್ಕೊಂಡೆ. ಬರ್ತಾರೆ ಬಿಡಿ ಮಂದಕ್ಕ. ಎಲ್ಲಿಗ್ ಹೋಗ್ತಾರೆ.”

ಅಣ್ಣನ ಮನೆಗೆ ಹೋಗಿರಲಿಲ್ಲ. ಬಸ್ ನಿಲ್ದಾಣದಲ್ಲಿ ಯಾರೂ ಕಂಡಿರಲಿಲ್ಲ. ಕಂಡಿದ್ದರೂ ನೆನಪಿಟ್ಟಿರಲಿಲ್ಲ, ಆ ವಾರ ಎಲ್ಲರೂ ತಲೆ ಬಗ್ಗಿಸಿಕೊಂಡು ಓಡಾಡುತ್ತಿದ್ದರು. ಬೋರಲಿಂಗನನ್ನು ಎಳೆದುಕೊಂಡು ಪೊಲೀಸ್ ಸ್ಟೇಷನ್ನಿಗೆ ಹೋದೆ. ದಫೇದಾರರು ಒಳ್ಳೆಯವರು, ಕುರ್ಚಿ ಕೊಟ್ಟು ಕೂರಿಸಿದರು. ಆ ಪ್ರಶ್ನೆ ಅವರದೇ ಸಾರ್, ಮೊದಲು ಕೇಳಿದ್ದು ಅವರೇ, ಎಂದು ಹೇಳಿದೆ.

“ಹೆಂಗೆ ಹೇಳ್ತೀರಮ್ಮ? ನಾನೂರು ಚಿಲ್ಲರೆ ಜನ ಕೇಳಿದಾರೆ. ನಾನೂ ಕೇಳಿದೀನಿ, ನಮ್ಮನೆಯೋಳೂ ಕೇಳಿದಾಳೆ. ಅವರೂ ಎಲ್ರ ಹಾಗೆ ಜೊತೆಗೆ ಕೇಳಿರ್ತಾರೆ ಬಿಡಿ.” ಪೆನ್ನಿಗೆ ಮುಚ್ಚಳ ಹಾಕುತ್ತ ಹೇಳಿದರು. “ಒಂಟಿಯಾಗಿದ್ದಾಗಲೇ ಬಂದಿದ್ರೆ ಮನೆಮನೆ ಹುಡುಕ್ತಿದ್ವಿ. ಈಗ ಯಾರನ್ನ ಅಂತ ಹುಡುಕೋಣ? ಹಾಗೆ ನೋಡಿದ್ರೆ ಇಡೀ ಊರನ್ನೇ ಕಾಯ್ಬೇಕು.”

ಕೆರೆ, ರೈಲು ಹಳಿ, ಪಕ್ಕದೂರಿನ ಆಸ್ಪತ್ರೆ ಎಲ್ಲ ಕಡೆ ನೋಡಿಸಿದೆವು. ಏನೂ ಸಿಗಲಿಲ್ಲ. ಸಿಗಲಿಲ್ಲವಲ್ಲ ಎಂದು ಒಂದು ಗಳಿಗೆ ಸಮಾಧಾನ, ಮರುಗಳಿಗೆ ಅದೂ ಇಲ್ಲ. ಉಪಯೋಗವಿಲ್ಲ ಎಂದು ಗೊತ್ತಿದ್ದೂ ಕಿಂಡಿಗೆ ಹೋಗಿ, ಜಯಶೀಲಕ್ಕ ಎಲ್ಲಿದ್ದಾರೆ, ಎಂದು ಕೇಳಿದೆ. ಗಿರಣಿಯ ಸದ್ದು ಕೇಳಿಸಿತು. ಗುರುವಾರ ಅದು ಹಲಗೆಯ ಕೊನೆಯಲ್ಲಿ ಮೂಡಿತ್ತು. ಒಂದು. ಊರಿಗೆಲ್ಲ ಅದು ನನ್ನದೆಂದು ಗೊತ್ತಿತ್ತು. ಬಾಗಿಲು ತಟ್ಟುವವರು ಇಲ್ಲದ್ದರಿಂದ ಯಾರೂ ಜೊತೆಗೆ ಬರಲಿಲ್ಲ.

ಅದಾದ ಮೇಲೆ ಒಂದು ಬೆಳಿಗ್ಗೆ ಕುಮುದಳ ಮನೆಗೆ ಹೋದೆ. ಯಾಕೆ ಹೋದೆನೆಂದು ಅವಳಿಗೆ ಹೇಳಲಿಲ್ಲ. ಆ ಮನೆಯಲ್ಲಿ ಏನು ಬದಲಾಗಿದೆ ಎಂದು ನೋಡಬೇಕಿತ್ತು. ಏನಾದರೂ ದೊಡ್ಡದು ಕಾಣಲಿ, ಕಿಂಡಿಗೇ ಅಷ್ಟು ತಿಳಿಯಲಿಲ್ಲ ಎಂದು ಕೂಗಿ ಹೇಳುವಂಥದ್ದು ಏನಾದರೂ ಸಿಗಲಿ ಎಂದು ಹೊಸಿಲಿನಿಂದಲೇ ಕಣ್ಣು ಹಾಯಿಸಿದೆ. ಹಾಸಿಗೆಗಳು ಸುತ್ತಿದ್ದವು. ದೇವರ ಮುಂದೆ ದೀಪ ಉರಿಯುತ್ತಿತ್ತು. ಮಕ್ಕಳು ಶಾಲೆಗೆ ಹೋಗಿದ್ದರು. ಒಲೆಯ ಮೇಲೆ ಹಾಲು ಕಾದಿತ್ತು.

“ಜಯಶೀಲಕ್ಕ ಇಲ್ಲದೆ ಕಷ್ಟ ಆಗ್ತಿರ್ಬೇಕು” ಎಂದೆ.

ಕುಮುದ ಕೆಟ್ಟವಳಲ್ಲ. ಅತ್ತು ಅತ್ತು ಅವಳ ಮುಖವೂ ಊದಿತ್ತು. ಕೇಳಿದ್ದಕ್ಕೆ ನಿಜವಾಗಿ ಯೋಚನೆ ಮಾಡಿದಳು. ಸೌಟನ್ನು ಹಾಲಿನಲ್ಲೇ ಬಿಟ್ಟು, ಮನೆಯನ್ನು ಒಂದು ಸುತ್ತು ನೋಡಿದಳು.

“ಏನು ಹೇಳ್ಲಿ ಮಂದಕ್ಕ,” ಅವಳು ನಾಚಿಕೆಯಿಂದ ಎಂದಳು, “ಬೆಳಿಗ್ಗೆ ಬಚ್ಚಲಿಗೆ ಕಾಯೋದು ತಪ್ಪಿದೆ.”

ಗೋಡೆಗೆ ಹಣೆ ಒತ್ತಿ ನಿಂತಿದ್ದಾಗ ಜಯಶೀಲಕ್ಕನಿಗೆ ಕೇಳಿಸಿದ್ದು ಈ ಮಾತೇ. ಒಂದಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ. ಅದನ್ನು ಎದೆಯಲ್ಲಿಟ್ಟುಕೊಂಡೇ ಅವರು ಜಗುಲಿಯಲ್ಲಿ ಕೂತು, ಖಾಲಿ ಇದೆಯಮ್ಮ ಹೋಗು, ಎಂದಿದ್ದರು.

ಕುಮುದ ಕಾಫಿ ಬೆರೆಸಿ ಲೋಟ ಮುಂದೆ ಹಿಡಿದಳು. ಸಕ್ಕರೆ ಸಾಕಾ ಎಂದು ಕೇಳಿದಳು. ಸಾಕು ಎಂದೆ.